ನೀರಿನ ಹಾಗೆ ಹರಿಯುವ ಹಿಂಡಿ

ಲಾಳಿಕೆ ಸಾಹೇಬರ ಮನೆ ಯಾವುದೆಂದು ನಮ್ಮ ಸಾಲುಮನೆಗಳಲ್ಲಿ ಯಾರನ್ನು ಕೇಳಿದರೂ ತೋರಿಸುತ್ತಾರೆ. ಸಾಹೇಬರು ಎಂದ ಮಾತ್ರಕ್ಕೆ ಯಾರೂ ಎದ್ದು ನಿಲ್ಲಬೇಕಾಗಿಲ್ಲ. ಅವರು ಬಂದರೆ ಅವರ ಮನೆಯ ನಾಯಿಯೂ ಮಲಗಿದಲ್ಲೇ ಬಾಲದ ತುದಿ ಆಡಿಸಿ ಸುಮ್ಮನಾಗುತ್ತದೆ.

ಆ ಹೆಸರು ಬಂದದ್ದು ಕೆಲಸದಿಂದ. ಊರಾಚೆಯ ಕಾರ್ಖಾನೆಯಲ್ಲಿ ಮೆಕ್ಕೆಜೋಳವನ್ನು ಬೀಸಿ, ಬೇಯಿಸಿ, ಹುದುಗು ಬರಿಸಿ, ಪೆಟ್ರೋಲಿಗೆ ಬೆರೆಸುವ ಎಥೆನಾಲ್ ಇಳಿಸುತ್ತಾರೆ. ತಳದಲ್ಲಿ ಉಳಿದ ಗಸಿಯನ್ನು ದೊಡ್ಡ ಉರುಳೆಯೊಳಗೆ ಹಾಕಿ ಒಣಗಿಸಿದರೆ ಹೊಂಬಣ್ಣದ ತರಿತರಿ ಹಿಂಡಿಯಾಗುತ್ತದೆ. ದನಗಳು ಅದಕ್ಕೆ ಪ್ರಾಣ ಬಿಡುತ್ತವೆ. ಆ ಹಿಂಡಿಯ ಗುಣ ನೋಡುವ ಕೋಣೆಯಲ್ಲಿ ನಮ್ಮ ಸಾಹೇಬರು ಸಹಾಯಕರು. ಲಾಳಿಕೆಯಿಂದ ಹಿಂಡಿಯನ್ನು ಮೇಜಿನ ಮೇಲೆ ಸುರಿದು, ಬಿದ್ದ ಗುಡ್ಡೆ ಎಷ್ಟು ಕಡಿದಾಗಿದೆಯೆಂದು ಅಳೆಯುವುದು ಅವರ ಮುಖ್ಯ ಕಸುಬು. ಗುಡ್ಡೆ ತಗ್ಗಾಗಿ ಹರಡಿಕೊಂಡರೆ ಹಿಂಡಿ ಸಲೀಸಾಗಿ ಹರಿಯುವಂಥದ್ದು. ನೆಟ್ಟಗೆ ನಿಂತರೆ ಹಟಮಾರಿ. ಆಮೇಲೆ ಅದನ್ನು ಡಬ್ಬಿಗೆ ತುಂಬಿ, ಮೇಲೆ ಪಟ್ಟಿ ಎಳೆದು ಸಮ ಮಾಡಿ ತೂಗಬೇಕು. ಜರಡಿ ಹಿಡಿಯಬೇಕು. ಬಣ್ಣ ಕಪ್ಪಾಗಿದ್ದರೆ ಸೀದಿದೆ ಎನ್ನಬೇಕು. ಎಲ್ಲದರ ಕೊನೆಗೆ, ತಣಿಯಲೆಂದು ಕೊಟ್ಟಿಗೆಯಲ್ಲಿ ಹರಡಿದ ರಾಶಿಯೊಳಗೆ ಮೊಣಕೈವರೆಗೆ ಕೈ ತೂರಿಸಿ, ಬಿಸಿ ಆರಿದೆಯೋ ಇಲ್ಲವೋ ನೋಡಿ "ಹೂಂ" ಎನ್ನಬೇಕು. ಅವರು ಹೂಂ ಎನ್ನದೆ ಒಂದು ಲಾರಿಯೂ ತುಂಬುವಂತಿಲ್ಲ. ಹೂಂ ಅನ್ನುವುದನ್ನು ಅವರು ಮನೆಯಲ್ಲೂ ಬೇಕಾದಷ್ಟು ಮಾಡುತ್ತಿದ್ದರು. ಆದರೆ ಅಲ್ಲಿ ಅದಕ್ಕಾಗಿ ಯಾರೂ ಕಾಯುತ್ತಿರಲಿಲ್ಲ.

ಅವರ ಹೆಂಡತಿಯ ಸಂಕಟವೆಲ್ಲ ತವರಿನ ಕಡೆಯದು. ಅವಳ ಅಣ್ಣ ದೊಡ್ಡ ಹಾಲಿನ ಡೈರಿ ನಡೆಸುವವನು. ಒಬ್ಬಳೇ ತಂಗಿಯನ್ನು ಗುಡ್ಡೆ ಅಳೆಯುವವನಿಗೆ ಕೊಟ್ಟೆವಲ್ಲ ಎಂಬ ಕೊರಗನ್ನು ಆತ ಎಂದೂ ಬಾಯಿಬಿಟ್ಟು ಹೇಳಿದವನಲ್ಲ. ತಂಗಿಯ ಗಂಡನನ್ನು ಮಾತಾಡಿಸುವುದನ್ನು ಮಾತ್ರ ಆದಷ್ಟು ತಪ್ಪಿಸುತ್ತಿದ್ದ. ಮಾತಾಡಿಸಲೇಬೇಕಾಗಿ ಬಂದರೆ "ಏನಪ್ಪಾ" ಎಂದು ಶುರು ಮಾಡಿ, "ಅಷ್ಟೇನಪ್ಪಾ" ಎಂದು ಮುಗಿಸುತ್ತಿದ್ದ. ಇದಕ್ಕೆ ಉತ್ತರವಾಗಿ ಅವಳು ತವರಿನಲ್ಲಿ ಕೂತಾಗಲೆಲ್ಲ, ತಮ್ಮವರ ಕೈ ತಾಗದೆ ಒಂದು ತರಿಯೂ ಕಾರ್ಖಾನೆ ಬಿಟ್ಟು ಹೊರಗೆ ಹೋಗುವುದಿಲ್ಲವೆಂದು ಹೇಳುತ್ತಿದ್ದಳು. ಹೇಳಿ ಹೇಳಿ ಅವಳ ಅಮ್ಮನಿಗೂ ಆ ಮಾತು ಬಾಯಿಪಾಠವಾಗಿತ್ತು.

ಒಂದು ದಿನ ಡೈರಿಯವರ ಮನೆಯಲ್ಲಿ ಊಟಕ್ಕೆ ಕೂತಿದ್ದಾಗ, ಆತ ತನ್ನ ಹೊಸ ತಗಡಿನ ಕಣಜದ ವಿಷಯ ತೆಗೆದ. ಎರಡು ಅಂತಸ್ತಿನ ಮನೆಯಷ್ಟು ಎತ್ತರ, ಮೇಲೆ ಸುರಿದರೆ ಕೆಳಗಿನ ಬಾಯಿಯಿಂದ ಮೇವು ತಾನಾಗಿ ಬೀಳಬೇಕು. ಆದರೆ ಬೇರೆ ಕಡೆಯಿಂದ ತರಿಸಿದ ಹಿಂಡಿ ನಡುವೆಯೇ ಕಟ್ಟಿಕೊಂಡು ನಿಲ್ಲುತ್ತದೆ, ಹೊರಗಿನಿಂದ ಬಡಿದು ಬಡಿದು ಆಳುಗಳ ಕೈ ಸೋತಿದೆ ಎಂದ. ಎಲ್ಲರೂ ಅಯ್ಯೋ ಎಂದರು. ಸಾಹೇಬರೂ ಅಯ್ಯೋ ಎಂದು ಸುಮ್ಮನಾಗಬಹುದಿತ್ತು. ಅಂದು ಊಟ ಚೆನ್ನಾಗಿತ್ತು. ಹೆಂಡತಿ ಬಾಗಿಲ ಬಳಿ ನಿಂತು ನೋಡುತ್ತಿದ್ದಳು.

"ಅದು ಹಿಂಡಿ ನೋಡೋಕೆ ಬರದವರ ಕೆಲಸ, ಭಾವ. ನನ್ನ ಕೈಯಲ್ಲಿ ಪಾಸಾದ ಹಿಂಡಿ ನೀರಿನ ಹಾಗೆ ಹರಿಯುತ್ತೆ," ಎಂದುಬಿಟ್ಟರು.

ಡೈರಿಯವನು ತಲೆ ಎತ್ತಿ ಅವರನ್ನು ಮೊದಲ ಸಲ ಪೂರ್ತಿಯಾಗಿ ನೋಡಿದ. ಹಾಗಾದರೆ ಒಂದು ಲಾರಿ ಕಳಿಸಿ ಎಂದ. ಕಳಿಸು ಎನ್ನಲಿಲ್ಲ, ಕಳಿಸಿ ಎಂದ. ಅಷ್ಟಕ್ಕೇ ಸಾಹೇಬರ ಹೆಂಡತಿ ಅಡುಗೆಮನೆಗೆ ಹೋಗಿ ಕಣ್ಣು ಒರೆಸಿಕೊಂಡಳಂತೆ. ಬರುವ ಭಾನುವಾರ ಹೊಸ ಕಣಜ ತುಂಬಿಸುವುದೆಂದೂ, ನೆಂಟರಿಷ್ಟರನ್ನೆಲ್ಲ ಕರೆಯುವುದೆಂದೂ ಕೂತಲ್ಲೇ ತೀರ್ಮಾನವಾಯಿತು.

ಶನಿವಾರ ಸಂಜೆ ಕಾರ್ಖಾನೆಯಲ್ಲಿ ನೋಡಿದರೆ, ತಣಿದ ಹಿಂಡಿಯೆಲ್ಲ ಬೇರೆಯವರಿಗೆ ಹೋಗಿತ್ತು. ಉಳಿದದ್ದು ಉರುಳೆಯಿಂದ ಆಗಷ್ಟೇ ಇಳಿದ ರಾಶಿ. ಸಾಹೇಬರು ಮೊಣಕೈವರೆಗೆ ಕೈ ಹಾಕಿ, ಹಾಕಿದಷ್ಟೇ ಬೇಗ ಹೊರಗೆ ತೆಗೆದು, ಊದಿಕೊಂಡರು. ಇಂಥ ಹಿಂಡಿಯನ್ನು ಒಂದು ದಿನ ಹರಡಿ ಆರಿಸದೆ ತುಂಬಿದರೆ, ಅದು ದಾರಿಯುದ್ದಕ್ಕೂ ತನ್ನ ಬೆವರಲ್ಲಿ ತಾನೇ ನೆನೆದು, ತಣಿಯುತ್ತಾ ತಣಿಯುತ್ತಾ ಗಟ್ಟಿಯಾಗುತ್ತದೆ. ಇದು ಆ ಕೋಣೆಯ ಗೋಡೆಗೂ ಗೊತ್ತಿರುವ ವಿಷಯ. ಲಾರಿಯ ಡ್ರೈವರ್ ಕೂಡ ಒಂದು ಹಿಡಿ ಎತ್ತಿ ಅಂಗೈ ಬದಲಾಯಿಸುತ್ತಾ, "ಸಾರ್, ಇನ್ನೂ ಬಿಸಿ ಇದೆಯಲ್ಲ, ತುಂಬ್ಲಾ?" ಎಂದು ಕೇಳಿದ.

ಸಾಹೇಬರ ಕಣ್ಣ ಮುಂದೆ ನೆಂಟರೆಲ್ಲ ಸಾಲಾಗಿ ನಿಂತಿದ್ದರು. "ದಾರಿಯ ಗಾಳಿಗೆ ಆರುತ್ತೆ. ತುಂಬು. ನಾನು ಹೇಳ್ತಿದೀನಲ್ಲ," ಎಂದರು. ಸಾಲದ್ದಕ್ಕೆ, ನೀರಿನ ಹಾಗೆ ಹರಿಯುವ ಹಿಂಡಿ ದಾರಿಯಲ್ಲಿ ಚೆಲ್ಲಬಾರದೆಂದು ಟಾರ್ಪಾಲನ್ನು ಎರಡು ಪದರ ಮಾಡಿ ಬಿಗಿಯಾಗಿ ಕಟ್ಟಿಸಿದರು. ಹೀಗೆ ಗಾಳಿಗೆ ಆರಬೇಕಾದ ಹಿಂಡಿಗೆ ಗಾಳಿಯೂ ತಾಗದಂತೆ ಸಕಲ ವ್ಯವಸ್ಥೆಯಾಯಿತು.

ಭಾನುವಾರ ಬೆಳಿಗ್ಗೆ ಅವರ ಹೆಂಡತಿ ಸಾಲುಮನೆಯವರಾದ ನಮ್ಮನ್ನೂ ಹೊರಡಿಸಿಕೊಂಡು ಹೋದಳು. ಡೈರಿಯ ಅಂಗಳದಲ್ಲಿ ಕುರ್ಚಿ ಹಾಕಿದ್ದರು. ದನದ ಡಾಕ್ಟರು ಮುಂದಿನ ಸಾಲಿನಲ್ಲಿ ಕೂತಿದ್ದರು. ಹೊಸ ಮೇವು ಬಂದಾಗ ಬಂದು ನೋಡುವುದು ಅವರ ಸರ್ಕಾರಿ ಕೆಲಸ. ಲಾರಿ ಹಿಂದಕ್ಕೆ ಬಂದು ಕಣಜದ ಬುಡದಲ್ಲಿದ್ದ ಗುಂಡಿಯ ಬಾಯಿಗೆ ನಿಂತಿತು. ಆ ಗುಂಡಿಗೆ ಸುರಿದದ್ದನ್ನು ಯಂತ್ರವೇ ಕಣಜದ ಮೇಲಕ್ಕೆ ಎತ್ತುತ್ತದೆ. ಸಾಹೇಬರು ಇಸ್ತ್ರಿ ಮಾಡಿದ ಅಂಗಿಯಲ್ಲಿ ಮುಂದೆ ಬಂದು, ಹಿಂಡಿ ಒಮ್ಮೆಲೇ ನುಗ್ಗಿ ಬರಬಹುದು, ಎಲ್ಲರೂ ದೂರ ಸರಿಯಿರಿ ಎಂದು ಕೈಯೆತ್ತಿ ಹೇಳಿದರು. ಜನ ಸರಿದರು. ತಾಯಂದಿರು ಮಕ್ಕಳನ್ನು ಎತ್ತಿಕೊಂಡರು. ಡಾಕ್ಟರು ತಮ್ಮ ಕುರ್ಚಿಯನ್ನೂ ಜೊತೆಗೆ ಎತ್ತಿಕೊಂಡು ಹೋದರು.

ಹಿಂದಿನ ಬಾಗಿಲು ತೆರೆದರು. ಡ್ರೈವರ್ ಲಾರಿಯ ತೊಟ್ಟಿಯನ್ನು ಮೇಲಕ್ಕೆ ಎತ್ತತೊಡಗಿದ. ಅದು ಸ್ವಲ್ಪ ಎದ್ದಿತು, ಏನೂ ಬೀಳಲಿಲ್ಲ. ಇನ್ನಷ್ಟು ಎದ್ದಿತು, ಏನೂ ಬೀಳಲಿಲ್ಲ. ತೊಟ್ಟಿ ಆಕಾಶಕ್ಕೆ ಮುಖ ಮಾಡಿ ನಿಂತ ಮೇಲೆ, ಕೋಳಿಮೊಟ್ಟೆಯಷ್ಟು ದೊಡ್ಡ ಒಂದು ಉಂಡೆ ಕಳಚಿ ಬಿದ್ದು, ಉರುಳುತ್ತಾ ಉರುಳುತ್ತಾ ಬಂದು ಸಾಹೇಬರ ಅತ್ತೆಯ ಕಾಲ ಬಳಿ ನಿಂತಿತು.

ಆಕೆ ಅದನ್ನು ಎತ್ತಿ, ತಿರುಗಿಸಿ ನೋಡಿ, ಬಹಳ ಮರ್ಯಾದೆಯಿಂದ ಕೇಳಿದರು: "ಇಷ್ಟೇನಾ ಅಳಿಯಂದ್ರೆ?"

ಆ ಹೊತ್ತಿಗೆ ಲಾರಿಯ ಮುಂದಿನ ಚಕ್ರಗಳು ನೆಲ ಬಿಟ್ಟಿದ್ದವು. ತೂಕವೆಲ್ಲ ಮೇಲೆ ಹಿಂದುಗಡೆಯೇ ನಿಂತಿದ್ದರಿಂದ, ಡ್ರೈವರ್ ಕೂತಿದ್ದ ಮುಂಭಾಗ ಮೆಲ್ಲಗೆ ಏಳುತ್ತಿತ್ತು. ಅವನು ಕಿಟಕಿಯಿಂದ ಕೆಳಗಿನ ಜನರನ್ನು, ಮಹಡಿಯಿಂದ ಮೆರವಣಿಗೆ ನೋಡುವವನಂತೆ ನೋಡಿ, ಗಾಬರಿಯಿಂದ ತೊಟ್ಟಿ ಇಳಿಸಿದ. ಲಾರಿ ದೊಪ್ಪೆಂದು ಕೂತಿತು. ದನಗಳು ಕೂಗಿದವು. ಹಿಂಡಿ ಮಾತ್ರ ಅಲುಗಲಿಲ್ಲ. ಪಕ್ಕದ ಹಲಗೆ ಬಿಚ್ಚಿದಾಗ ಕಂಡದ್ದು ಒಂದು ಗೋಡೆ. ತೊಟ್ಟಿಯ ತಗಡಿನ ಮಡಿಕೆಗಳೆಲ್ಲ ಅಚ್ಚೊತ್ತಿದ್ದ, ಮೂಲೆಗಳು ಚೂಪಾಗಿದ್ದ, ಹೊಂಬಣ್ಣದ ಅಂದವಾದ ಗೋಡೆ. ನೆಂಟರಲ್ಲಿ ಮನೆ ಕಟ್ಟಿಸುತ್ತಿದ್ದ ಒಬ್ಬರು ಅದನ್ನು ಬೆರಳಿನಿಂದ ತಟ್ಟಿ, ತಮ್ಮ ಮೇಸ್ತ್ರಿ ಕೈಯಲ್ಲಿ ಇಷ್ಟು ನೇರವಾಗಿ ಬಂದಿಲ್ಲವೆಂದರು. ಇನ್ನೊಬ್ಬರು ಊರುಗೋಲಿನಿಂದ ಚುಚ್ಚಿ ನೋಡಿದರು. ಊರುಗೋಲಿನ ತುದಿ ಮುರಿಯಿತು. ಯಾರೋ ಒಂದು ಹಸುವನ್ನೇ ಕರೆತಂದರು. ಅದು ಗೋಡೆಯನ್ನು ಎರಡು ಸಲ ನೆಕ್ಕಿ, ಸಾಹೇಬರ ಮುಖ ನೋಡಿ, ಬೇರೆ ಕಡೆ ತಿರುಗಿಕೊಂಡಿತು.

ಸಾಹೇಬರಿಗೆ ನೆಲ ಬಾಯಿಬಿಟ್ಟರೆ ಸಾಕೆನಿಸಿತ್ತು. ಎದುರಿಗೆ ಕಣಜದ ಗುಂಡಿ ಬಾಯಿಬಿಟ್ಟುಕೊಂಡೇ ಇತ್ತು. ಆದರೆ ಅಷ್ಟು ಜನರ ಮುಂದೆ ಅದರೊಳಕ್ಕೆ ಹೇಗೆ ಹೋಗುವುದು?

ಡೈರಿಯವನು ನೇರ ಡ್ರೈವರ್ ಹತ್ತಿರ ಹೋದ. ದಾರಿಯಲ್ಲಿ ನೀರು ಹೊಯ್ದೆಯಾ, ಹಿಂಡಿ ಕದ್ದು ತೂಕಕ್ಕೆ ನೀರು ಸೇರಿಸಿದೆಯಾ ಎಂದು ಕೇಳಿದ. ಅವನು ಇಲ್ಲವೆಂದಷ್ಟೂ ಜನಕ್ಕೆ ಹೌದೆನಿಸುತ್ತಾ ಹೋಯಿತು. ಡಾಕ್ಟರು ಉಂಡೆಯನ್ನು ಮೂಸಿ, ನೀರು ಬಿದ್ದಿರುವ ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲ ಎಂದರು. ಡ್ರೈವರ್ ಸಾಹೇಬರತ್ತ ತಿರುಗಿದ.

"ಸಾರ್, ನೀವೇ ಹೇಳಿ ಸಾರ್."

ಎಲ್ಲರೂ ಸಾಹೇಬರನ್ನು ನೋಡಿದರು. ಅವರ ಹೆಂಡತಿ, ಇನ್ನೂ ತಲೆ ಎತ್ತಿಯೇ ನಿಂತಿದ್ದವಳು, ಅವರನ್ನು ನೋಡಿದಳು. ಸಾಹೇಬರು ಕೆಮ್ಮಿದರು. ಕನ್ನಡಕ ತೆಗೆದು ಒರೆಸಿದರು. "ಪರೀಕ್ಷೆ ಮಾಡ್ಬೇಕು," ಎಂದರು.

ಅಷ್ಟೇ ಸಾಕಾಯಿತು. ಸಾಹೇಬರಿಗೂ ಅನುಮಾನವಿದೆ ಎಂದು ಅಂಗಳವೆಲ್ಲ ಹಬ್ಬಿತು. ಡೈರಿಯವನು ಕಾರ್ಖಾನೆಯ ಮ್ಯಾನೇಜರಿಗೆ ಫೋನು ಮಾಡಿದ. ಆ ಕಡೆಯಿಂದ, ಡ್ರೈವರನ್ನು ಕೆಲಸದಿಂದ ತೆಗೆದಾಯಿತು, ಕೀಲಿಕೈ ಇಸಿದುಕೊಳ್ಳಿ, ನಾಳೆ ಬೇರೆಯವನನ್ನು ಕಳಿಸುತ್ತೇನೆ ಎಂದು ಉತ್ತರ ಬಂತು. ಡ್ರೈವರ್ ಕೀಲಿಕೈ ಕೊಟ್ಟು, ತಾನು ಇಷ್ಟು ಕಾಲ ಓಡಿಸಿದ ಲಾರಿಯ ಚಕ್ರಕ್ಕೆ ಬೆನ್ನು ಕೊಟ್ಟು ನೆಲದ ಮೇಲೆ ಕೂತ.

ಸಾಹೇಬರನ್ನು ಊಟಕ್ಕೆ ಕೂರಿಸಿದರು. ಅಂದು ಅವರಿಗೆ ಹಾಕಿದ್ದು ಡೈರಿಯವನ ಪಕ್ಕದ ಕುರ್ಚಿ. ಡೈರಿಯವನು ಅವರನ್ನು "ತಾವು" ಎನ್ನತೊಡಗಿದ್ದ. ಕಿಟಕಿಯಿಂದ ಲಾರಿಯ ಚಕ್ರವೂ, ಚಕ್ರದ ಬಳಿ ಮುದುಡಿದ ಎರಡು ಮೊಣಕಾಲುಗಳೂ ಕಾಣುತ್ತಿದ್ದವು. ಸಾಹೇಬರು ನೀರು ಕುಡಿದು, "ಭಾವ, ತಪ್ಪು ಆ ಡ್ರೈವರದ್ದಲ್ಲ. ನನ್ನದು," ಎಂದರು.

ಡೈರಿಯವನು ಕೈಯಲ್ಲಿದ್ದ ತುತ್ತನ್ನು ತಟ್ಟೆಗಿಟ್ಟು, ಅವರನ್ನೇ ನೋಡಿ, ಎಲ್ಲರಿಗೂ ಕೇಳುವಂತೆ ಹೇಳಿದ: "ನೋಡಿದ್ರಾ? ಕೈಕೆಳಗಿನವನು ಮಾಡಿದ ತಪ್ಪನ್ನ ತಮ್ಮ ಮೇಲೆ ಹಾಕ್ಕೋತಿದಾರೆ. ಈ ಕಾಲದಲ್ಲಿ ಯಾರಿದಾರೆ ಇಂಥೋರು?"

ಅತ್ತೆಯ ಕಣ್ಣು ತುಂಬಿ ಬಂತು. ಆಕೆ ಅಳಿಯನ ತಟ್ಟೆಗೆ ಇನ್ನೊಂದು ಸಿಹಿ ಹಾಕಿದರು. ಸಾಹೇಬರು ಹಾಗಲ್ಲವೆಂದರು, ಮತ್ತೊಂದು ಸಿಹಿ ಬಿತ್ತು. ಬಿಸಿಯಿದ್ದಾಗಲೇ ತುಂಬಿಸಿದ್ದು ತಾನೇ ಎಂದು ದನಿಯೆತ್ತಿ ಹೇಳಿದರು. ದೊಡ್ಡ ಮನಸ್ಸಿನವರಿಗೆ ಊಟವೂ ದೊಡ್ಡದಾಗಿರಬೇಕೆಂದು ಡಾಕ್ಟರು ಹೇಳಿ, ತಮ್ಮ ಸಿಹಿಯನ್ನೂ ಅವರಿಗೇ ದಾಟಿಸಿದರು. ತಪ್ಪೊಪ್ಪಿಕೊಂಡು ಹೊಟ್ಟೆ ಕೆಡಿಸಿಕೊಂಡವರನ್ನು ನಾನು ನೋಡಿದ್ದು ಅದೊಂದೇ ಸಲ.

ಊಟವಾದ ಮೇಲೆ ಅವರು ಮ್ಯಾನೇಜರಿಗೆ ತಾವೇ ಫೋನು ಮಾಡಿದರು. ಅವರು ಪೂರ್ತಿ ಕೇಳಿಸಿಕೊಳ್ಳದೆ, ನಿಮ್ಮ ಕರುಣೆಯೇ ನಿಮಗೆ ಶತ್ರು, ಮನೆಗೆ ಹೋಗಿ ಮಲಗಿ ಎಂದು ಇಟ್ಟುಬಿಟ್ಟರು. ಕೊಟ್ಟಿಗೆಯ ಆಳುಗಳಿಗೆ ಹೇಳಿದರು. ಅವರು ಕೈ ಮುಗಿದರು. ಅಂಗಳದಲ್ಲಿ ನಿಂತು ನನಗೆ ಹೇಳಿದರು. ನಾನು ನಂಬಿದೆ ಎಂದು ಬರೆದುಕೊಳ್ಳಲು ಆಸೆಯಿದೆ. ಆದರೆ ನಾನೂ, ಪಾಪ, ಎಷ್ಟು ಒಳ್ಳೆಯವರು ಎಂದುಕೊಂಡೆ. ಕೊನೆಗೆ ಹೆಂಡತಿ ಅವರನ್ನು ಕಣಜದ ಹಿಂದಕ್ಕೆ ಕರೆದುಕೊಂಡು ಹೋಗಿ ಪಿಸುಗುಟ್ಟಿದಳು.

"ಸಾಕು ಮಾಡಿ ಇನ್ನು. ಒಂದು ಸಲ ಹೇಳಿದ್ರೆ ದೊಡ್ಡತನ ಅಂತಾರೆ. ಹೀಗೆ ಎಲ್ಲರ ಹತ್ರ ಹೇಳ್ಕೊಂಡು ತಿರುಗಿದ್ರೆ ಜಂಬ ಅಂತಾರೆ."

ಇಷ್ಟು ಜನರ ಮುಂದೆ ಒಪ್ಪಿಕೊಂಡವರು, ಚಕ್ರದ ಬಳಿ ಕೂತವನಿಗೆ ಮಾತ್ರ ಏನೂ ಹೇಳಿರಲಿಲ್ಲ. ಅವನ ಎದುರು ಹೋಗಿ ನಿಂತರು. ಬಾಯಿ ತೆರೆದರು. ಮಾತು ಲಾರಿಯೊಳಗಿನ ಹಿಂಡಿಯಂತೆ ಇದ್ದಲ್ಲೇ ಇತ್ತು. ಡ್ರೈವರೇ ತಲೆ ಎತ್ತಿ, "ನಿಜ ಹೇಳಿದ್ರೂ ಯಾರೂ ನಂಬದಷ್ಟು ದೊಡ್ಡ ಮನುಷ್ಯ ಆಗ್ಬಿಟ್ರಲ್ಲ ಸಾರ್," ಎಂದ. ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಸಾಹೇಬರಿಗೆ ತಡೆದುಕೊಳ್ಳಲು ಸುಲಭವಾಗುತ್ತಿತ್ತು.

ಅಲ್ಲಿಂದ ಅವರು ಸೀದಾ ಹಾಲಿನ ಕೋಣೆಗೆ ಹೋದರು. ಹಾಲು ಸುರಿಯುವ ದೊಡ್ಡ ಲಾಳಿಕೆ, ಮುಚ್ಚಳವಿದ್ದ ಎರಡು ಕ್ಯಾನುಗಳು, ಕರುಗಳಿಗೆ ಹಾಲು ಕಾಯಿಸುವ ಬಾಣಲೆ, ಒಂದು ಜರಡಿ, ಒಂದು ಸುತ್ತಿಗೆ, ಇಷ್ಟನ್ನು ಅಂಗಳಕ್ಕೆ ತಂದಿಟ್ಟರು. ಲಾರಿಯ ಗೋಡೆಯಿಂದ ಒಡೆದ ಹೆಂಟೆಗಳನ್ನು ಜಜ್ಜಿ ಪುಡಿ ಮಾಡಿ, ಜರಡಿ ಹಿಡಿದು, ಲಾಳಿಕೆಯಿಂದ ಸುರಿದರು. ಹಿಂಡಿ ಸರಸರನೆ ಇಳಿದು ತಗ್ಗಾದ ಗುಡ್ಡೆಯಾಯಿತು. ನೀರು ಸೇರಿಸಿದ್ದರೆ ಇದು ಹೀಗೆ ಇಳಿಯುತ್ತಿರಲಿಲ್ಲ, ಲಾಳಿಕೆಯ ಕತ್ತಿನಲ್ಲೇ ಕೂರುತ್ತಿತ್ತು ಎಂದರು. ಆಮೇಲೆ ಅರ್ಧ ಪುಡಿಯನ್ನು ಹಾಗೆಯೇ ಒಂದು ಕ್ಯಾನಿಗೆ ತುಂಬಿದರು. ಇನ್ನರ್ಧವನ್ನು ಬಾಣಲೆಯಲ್ಲಿ, ಉರುಳೆಯಿಂದ ಇಳಿಯುವಾಗ ಇರುವಷ್ಟೇ ಬಿಸಿ ಮಾಡಿ, ಇನ್ನೊಂದಕ್ಕೆ ಒತ್ತಿ ತುಂಬಿ, ಮುಚ್ಚಳ ಬಿಗಿದರು. ಎರಡನ್ನೂ ಹಾಲು ತಣಿಸುವ ನೀರಿನ ತೊಟ್ಟಿಯಲ್ಲಿ ಇಳಿಸಿ ಪಕ್ಕದಲ್ಲಿ ಕೂತರು.

ಜನಕ್ಕೆ ಇದು ಆಟದಂತಿತ್ತು. ಕುರ್ಚಿಗಳನ್ನು ತೊಟ್ಟಿಯ ಸುತ್ತ ಹಾಕಿಕೊಂಡರು. ಡೈರಿಯವನು ಪಕ್ಕದವರಿಗೆ, ನೋಡಿ, ಆ ಕಳ್ಳ ಈಗ ಹೇಗೆ ಸಿಕ್ಕಿಬೀಳುತ್ತಾನೆ ಎನ್ನುತ್ತಿದ್ದ. ನಿಜವಾದ ಕಳ್ಳ ಅವನ ಮುಂದೆಯೇ ಮೊಣಕಾಲೂರಿ ಕೂತು ಕ್ಯಾನು ಮುಟ್ಟಿ ನೋಡುತ್ತಿದ್ದ.

ಬಿಸಿಲು ಇಳಿಯುವ ಹೊತ್ತಿಗೆ ಕ್ಯಾನುಗಳು ತಣ್ಣಗಾದವು. ಸಾಹೇಬರು ಮೊದಲನೆಯದನ್ನು ಬೋರಲು ಹಾಕಿದರು; ಹಿಂಡಿ ಸುರಿದು ಹರಡಿತು. ಎರಡನೆಯದನ್ನು ಬೋರಲು ಹಾಕಿದರು. ಏನೂ ಬೀಳಲಿಲ್ಲ. ಅಲ್ಲಾಡಿಸಿದರು. ಬಡಿದರು. ಕೊನೆಗೆ ಕ್ಯಾನಿನ ಆಕಾರದ ಒಂದು ಕಂಬವೇ ಹೊರಗೆ ಜಾರಿ, ಕಲ್ಲುಹಾಸಿನ ಮೇಲೆ ನೆಟ್ಟಗೆ ನಿಂತಿತು. ಜನ ಚಪ್ಪಾಳೆ ತಟ್ಟಿದರು.

"ಚಪ್ಪಾಳೆ ಬೇಡ," ಎಂದರು ಸಾಹೇಬರು. "ಇದಕ್ಕೆ ನೀರು ಹಾಕಿಲ್ಲ, ನೀವೇ ನೋಡಿದ್ರಿ. ಬಿಸಿಯಿದ್ದಾಗ ತುಂಬಿ ಮುಚ್ಚಿದ್ದಕ್ಕೆ ಹೀಗಾಗಿದೆ. ಲಾರಿಯಲ್ಲಿ ಆಗಿರೋದೂ ಇದೇ. ಬಿಸಿ ಆರಿದೆಯಾ ಅಂತ ರಾಶಿಯೊಳಗೆ ಕೈ ಹಾಕಿ ನೋಡೋದು ಡ್ರೈವರ್ ಕೆಲಸ ಅಲ್ಲ."

ಹಾಗಾದರೆ ಯಾರ ಕೆಲಸ, ಆ ಬೇಜವಾಬ್ದಾರಿ ಮನುಷ್ಯ ಯಾರು, ಅವನ ಹೆಸರು ಹೇಳಿ ಎಂದು ಡೈರಿಯವನು ಕುರ್ಚಿಯಿಂದ ಎದ್ದ. ಸಾಹೇಬರು ಖಾಲಿ ಕ್ಯಾನನ್ನು ನೆಟ್ಟಗೆ ನಿಲ್ಲಿಸಿದರು. ಅವರು ಮಧ್ಯಾಹ್ನದಿಂದ ಹೇಳಿ ಹೇಳಿ ಸೋತಿದ್ದರು. ಇನ್ನೊಮ್ಮೆ ಹೇಳಿದರೆ ಇನ್ನೊಂದು ತಟ್ಟೆ ಸಿಹಿ ಬರುತ್ತಿತ್ತು. ಡ್ರೈವರ್ ಹೇಳಿದರೆ ಕೇಳುವವರಿರಲಿಲ್ಲ.

ಅವರ ಹೆಂಡತಿ ಕಲ್ಲುಹಾಸಿನ ಮೇಲೆ ನಿಂತ ಹಿಂಡಿಯ ಕಂಬವನ್ನೇ ನೋಡುತ್ತಿದ್ದಳು. ಅವಳ ಮುಖದಲ್ಲಿ ಒಂದೊಂದೇ ದೀಪ ಆರುತ್ತಿದ್ದಂತೆ ನನಗೆ ಕಂಡಿತು. ಅವಳು ಸುಮ್ಮನಿದ್ದರೆ ಎಲ್ಲ ಹಾಗೆಯೇ ಉಳಿಯುತ್ತಿತ್ತು: ಅಣ್ಣನ ತಾವು, ಪಕ್ಕದ ಕುರ್ಚಿ, ಅಮ್ಮನ ಕಣ್ಣೀರು. ಅವಳು ಒಮ್ಮೆ ಚಕ್ರದ ಬಳಿ ಕೂತಿದ್ದವನ ಕಡೆ ತಿರುಗಿದಳು.

"ಇವರೇ ಅಣ್ಣಾ," ಎಂದಳು. "ಇವರು ಹೂಂ ಅನ್ನದೆ ಒಂದು ತರಿಯೂ ಹೊರಗೆ ಹೋಗಲ್ಲ. ನಾನೇ ನಿಮಗೆಲ್ಲ ಹೇಳಿದೀನಲ್ಲ."

ಅವಳ ಅಮ್ಮನ ತುಟಿ ಅಲುಗಿತು. ಬಾಯಿಪಾಠವಾದ ಮಾತನ್ನು ಆಕೆ ಒಳಗೊಳಗೇ ಒಪ್ಪಿಸಿ ನೋಡುತ್ತಿದ್ದಿರಬೇಕು. ಇಡೀ ಅಂಗಳಕ್ಕೆ ಈಗ ಅರ್ಥವಾಗಿತ್ತು. ಡಾಕ್ಟರು ತಮ್ಮ ಕುರ್ಚಿಯನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡರು. ಮಧ್ಯಾಹ್ನ ಕೊಟ್ಟ ಸಿಹಿಯ ನೆನಪಾಯಿತೋ ಏನೋ. ಡೈರಿಯವನು ಕಂಬವನ್ನು ನೋಡಿದ, ಲಾರಿಯನ್ನು ನೋಡಿದ, ತಂಗಿಯ ಗಂಡನನ್ನು ನೋಡಿದ.

"ಏನಪ್ಪಾ ನೀನು," ಎಂದ. "ಅಷ್ಟೇನಪ್ಪಾ," ಎಂದು ಮುಗಿಸಿದ.

ಮ್ಯಾನೇಜರಿಗೆ ಮತ್ತೆ ಫೋನು ಹೋಯಿತು. ಈ ಸಲ ಹೇಳಿದ್ದು ಡೈರಿಯವನಾದ್ದರಿಂದ ಅವರು ಕೂಡಲೇ ನಂಬಿದರು. ಡ್ರೈವರಿಗೆ ಕೆಲಸ ಉಳಿಯಿತು, ಸಾಹೇಬರು ಬೆಳಿಗ್ಗೆ ಬಂದು ತಮ್ಮನ್ನು ಕಾಣಬೇಕು ಎಂದರು. ಡೈರಿಯವನು ಕೀಲಿಕೈಯನ್ನು ತಾನೇ ಹೋಗಿ ಡ್ರೈವರ್ ಕೈಗೆ ಕೊಟ್ಟ. ನೆಂಟರು ಹೇಳದೆ ಕೇಳದೆ ಹೊರಟರು. ಯಾರ ಮುಖವನ್ನೂ ನೋಡಲಾಗದೆ ಸಾಹೇಬರು ಹಾರೆ ಹಿಡಿದು ಲಾರಿ ಹತ್ತಿದರು. ಆಳುಗಳೂ ಡ್ರೈವರೂ ಜೊತೆಗೆ ಹತ್ತಿದರು. ಇಸ್ತ್ರಿ ಮಾಡಿದ ಅಂಗಿ ಹೊಂಬಣ್ಣಕ್ಕೆ ತಿರುಗುವವರೆಗೂ ಅಗೆದರು. ಅಗೆಯುವಾಗ ಅವರು ಜನರಿಗೆ ಬೆನ್ನು ಮಾಡಿಕೊಂಡೇ ಇದ್ದರು, ಜನ ಹೋದ ಮೇಲೂ.

ನಮ್ಮನ್ನು ಬಸ್ಸು ಹತ್ತಿಸಿ, ಅವಳು ಗಂಡನ ಜೊತೆ ಲಾರಿಯಲ್ಲೇ ಬಂದಳು. ಅಲ್ಲಿ ಆದದ್ದನ್ನು ಮರುದಿನ ಅವಳೇ ನನಗೆ ಹೇಳಿದಳು. ಮುಂದಿನ ಸೀಟಿನಲ್ಲಿ ಡ್ರೈವರ್, ನಡುವೆ ಸಾಹೇಬರು, ಕಿಟಕಿಗೆ ಅವಳು. ಗೇರಿನ ಕೋಲು ಇದ್ದದ್ದು ಸಾಹೇಬರ ಮೊಣಕಾಲಿಗೆ ಒತ್ತಿಕೊಂಡೇ. ಮೊದಲ ತಿರುವಿನಲ್ಲಿ ಡ್ರೈವರ್, ಕಾಲು ಸ್ವಲ್ಪ ಆ ಕಡೆ ಸಾರ್, ಗೇರ್ ಹಾಕಬೇಕು ಎಂದ. ಸಾಹೇಬರು ಕಾಲು ಸರಿಸಿ, "ತಪ್ಪಾಯ್ತು," ಎಂದರು. ಮುಂದಿನ ತಿರುವಿನಲ್ಲಿ ಅವನು ಕೋಲಿಗೆ ಕೈ ಹಾಕುವ ಮೊದಲೇ ಮೊಣಕಾಲು ಎತ್ತಿಕೊಂಡು, "ತಪ್ಪಾಯ್ತಪ್ಪಾ," ಎಂದರು. ಅದರ ಮುಂದಿನದರಲ್ಲೂ ಅಂದರು. ದನಿ ಪ್ರತಿ ಸಲವೂ ಇನ್ನಷ್ಟು ಒಡೆಯುತ್ತಿತ್ತು.

"ಇರಲಿ ಬಿಡಿ ಸಾರ್," ಎಂದ ಡ್ರೈವರ್, ರಸ್ತೆಯಿಂದ ಕಣ್ಣು ತೆಗೆಯದೆ. "ಗೇರ್ ಹಾಕೋಕೆಲ್ಲ ಯಾರಾದ್ರೂ ತಪ್ಪಾಯ್ತು ಅಂತಾರಾ?"

"ಅನ್ನಲಿ ಬಿಡಪ್ಪಾ," ಎಂದಳು ಅವಳು, ಕಿಟಕಿಯ ಕಡೆಗೇ ಮುಖ ಮಾಡಿಕೊಂಡು. "ಮನೆ ಬರೋವರೆಗೂ ಅನ್ನಲಿ."

ಮುಂದೆ ತಿರುವುಗಳು ಬಹಳ ಇದ್ದವು.